ಮುಯ್ಯಾಳಿಗೊಂದು ಕಾಲಂ

ನನ್ನ ಮೊಮ್ಮಗಳು ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹೇಳದೆ ಮುಂದಕ್ಕೆ ಹೋಗಲು ನನ್ನಿಂದ ಆಗುವುದಿಲ್ಲ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಇಟ್ಟವಳು. ಅವಳು ಏನು ಓದುತ್ತಾಳೆಂದು ಊರಿನವರು ಕೇಳಿದರೆ ಬಾಯಿ ಬಿಡಲು ನನಗೆ ಒಂದು ವರ್ಷ ಹಿಡಿಯಿತು. ಈಗ ಸಲೀಸು. ದೇಶದೇಶದ ಸರ್ಕಾರಗಳು ಒಂದೆಡೆ ಕೂತು ಹೊಗೆಸೊಪ್ಪು ಕಡಿಮೆ ಮಾಡಬೇಕೆಂದು ಒಪ್ಪಂದ ಮಾಡಿಕೊಂಡಿವೆ. ಆ ಮಾತು ದೆಹಲಿಗೆ ಬಂದು, ಅಲ್ಲಿಂದ ಇಳಿದು ಇಳಿದು ರಾವಂದೂರಿನ ಪಕ್ಕದ ನಮ್ಮ ಊರಿನ ಹೊಲ ಮುಟ್ಟಿದಾಗ ಯಾರಿಗೆ ಏನು ತಟ್ಟುತ್ತದೆ ಎನ್ನುವುದು ಅವಳ ಸಂಶೋಧನೆ.

ಹೋದ ಮಳೆಗಾಲದಲ್ಲಿ, ಎಲೆ ಮುರಿಯುವ ಹೊತ್ತಿಗೆ ಸರಿಯಾಗಿ, ಅವಳು ಮುಖ ಸಣ್ಣ ಮಾಡಿಕೊಂಡು ಬಂದಳು. ಅದಕ್ಕೂ ಹಿಂದಿನ ವರ್ಷ ನಮ್ಮ ಊರು, ಬೆಟ್ಟದಪುರದ ಕಡೆಯ ಇನ್ನೆರಡು ಊರು ಸುತ್ತಿ ಹೆಂಗಸರನ್ನು ಪ್ರಶ್ನೆ ಕೇಳಿ ಬರೆದುಕೊಂಡು ಹೋಗಿದ್ದಳು. ಹೆಂಗಸರ ಬಗ್ಗೆ ಒಂದು ಅಧ್ಯಾಯ ಬರೆಯಬೇಕೆಂದೇ ಅವಳು ಈ ಓದಿಗೆ ಸೇರಿದ್ದು. ಈಗ ಅವಳ ಗೈಡ್ ಮೇಡಂ ಆ ಅಧ್ಯಾಯ ಬಿಟ್ಟುಬಿಡು ಅಂದಿದ್ದರಂತೆ.

"ಯಾಕಂತೆ?"

"ಎಲ್ರೂ ವಾರಕ್ಕೆ ಒಂದೇ ದಿನ ಕೆಲ್ಸ ಅಂದವ್ರೆ ಅಜ್ಜಿ. ವಾರಕ್ಕೊಂದು ದಿನ ದುಡಿಯೋರಿಗೆ ಹೊಗೆಸೊಪ್ಪು ನಿಂತ್ರೆ ಏನು ನಷ್ಟ ಅಂತಾರೆ ಮೇಡಂ. ನಷ್ಟ ಏನಂತ ತೋರ್ಸೋಕೆ ಒಂದು ತಿಂಗಳು ಟೈಮ್ ಕೊಟ್ಟವ್ರೆ."

ನಾನು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಾ ಕೂತಿದ್ದೆ. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ ಅನ್ನುವ ಎತ್ತರದ ಗೂಡಿನೊಳಗೆ ಸಾಲಾಗಿ ತೂಗುಹಾಕಿ, ಎಲೆ ಒಣಗಲು ಕೆಳಗಿನಿಂದ ಬೆಂಕಿ ಕೊಡುತ್ತಾರೆ. ಕೈಗೆ ಹತ್ತಿದ ಕಪ್ಪು ಅಂಟು ಸೋಪಿಗೂ ಹೋಗುವುದಿಲ್ಲ. ಆ ಕೈಯನ್ನೇ ಅವಳ ಮೂಗಿನ ಮುಂದೆ ಹಿಡಿದೆ.

"ಇದು ವಾರಕ್ಕೆ ಒಂದಿನ ದುಡ್ದಿರೋ ಕೈಯಾ? ಏನ್ ಕೇಳ್ದೆ ನೀನು, ಓದು."

ಅವಳು ಹಾಳೆ ತೆಗೆದು ಓದಿದಳು. ಸ್ವಂತ ಬ್ಯಾರನ್ ಕೆಲಸ ಎಷ್ಟು ದಿನ. ಕೂಲಿಗೆ ಎಷ್ಟು ದಿನ. ಅಷ್ಟೇ, ಎರಡೇ ಕಾಲಂ.

"ಕೂಲಿಗೆ ಹೋಗ್ತೀರಾ ಅಂದ್ರೆ ಎಲ್ರೂ ಸಿಟ್ಟಾದ್ರು ಅಜ್ಜಿ."

"ಆಗ್ದೆ ಇನ್ನೇನು. ನಾನು ಎದುರುಮನೆಗೆ ಓಗೋದು ಕೂಲಿಗಾ? ಮುಯ್ಯಾಳಿಗೆ ಕಣ್ಮಗ. ಮುಯ್ಯಾಳು ಎಲ್ಲಿ ಬರ್ಕೊಂಡಿದ್ದೀಯ, ತೋರ್ಸು."

ಅವಳ ಹಾಳೆಯಲ್ಲಿ ಆ ಮಾತೇ ಇರಲಿಲ್ಲ. ತಪ್ಪು ಅವಳದ್ದಲ್ಲ. ಅವಳು ಬೆಳೆದದ್ದು ಕೆ.ಆರ್. ನಗರದ ನಾಲೆ ಬಯಲಿನಲ್ಲಿ, ನನ್ನ ಮಗಳನ್ನು ಕೊಟ್ಟ ಊರಿನಲ್ಲಿ. ಅಲ್ಲಿ ನಾಟಿಗೆ ಕೂಲಿಯಾಳು, ಕೊಯ್ಲಿಗೆ ಮಿಷನ್ನು. ನಮ್ಮಲ್ಲಿ ಹಾಗಲ್ಲ. ಒಂದು ಮನೆಯ ಬ್ಯಾರನ್ ತುಂಬುವುದು ವಾರಕ್ಕೊಮ್ಮೆ, ಆ ದಿನ ಆರು ಮನೆಯ ಹೆಂಗಸರೂ ಅಲ್ಲಿ. ಮಾರನೆಯ ದಿನ ಇನ್ನೊಂದು ಮನೆ. ಇವತ್ತು ನಾನು ನಿನ್ನ ಮನೆಗೆ, ನಾಳೆ ನೀನು ನನ್ನ ಮನೆಗೆ. ಯಾರೂ ಯಾರಿಗೂ ಕೂಲಿ ಕೊಡುವುದಿಲ್ಲ. ಹೀಗೆ ಆರು ದಿನ ಬೆನ್ನು ಬಗ್ಗಿಸಿದವಳು, ನಿನ್ನ ಬ್ಯಾರನ್ನಿಗೆ ಎಷ್ಟು ದಿನ ಎಂದರೆ ಒಂದು ದಿನ ಅಂತಲೇ ಹೇಳುತ್ತಾಳೆ. ಅದು ಸುಳ್ಳೂ ಅಲ್ಲ.

ಅವಳು ಅಲ್ಲೇ ಕೂತು ಪೆನ್ನಿನಲ್ಲಿ ಮೂರನೇ ಗೆರೆ ಎಳೆದಳು. ಗೆರೆ ಸೊಟ್ಟಗಿತ್ತು. ಮಾರನೆಯ ದಿನ ಎದುರುಮನೆಯ ಸರದಿ, ಬೆಳಿಗ್ಗೆ ಅವಳನ್ನೂ ಅಲ್ಲಿಗೆ ಕರೆದುಕೊಂಡು ಹೋದೆ.

"ಏನವ್ವ, ಮತ್ತೆ ಬಂದ್ಯಾ? ಓದ್ಸಲ ಬರ್ಕೊಂಡೋಗಿದ್ದು ಮಳೇಲಿ ನೆಂದೋಯ್ತಾ?" ಅಂದಳು ಎದುರುಮನೆಯವಳು.

"ತಪ್ಪಾಗಿ ಕೇಳಿದ್ದೆ ಅತ್ತೆ. ಸರಿಯಾಗಿ ಕೇಳೋಕೆ ಬಂದೆ."

"ಕೇಳು. ಕೇಳ್ತಾ ನೀನೂ ಕಟ್ಟು. ಇಂಗಾ ಕಟ್ಟೋದು? ಬ್ಯಾರನ್ ಒಳಗೆ ಎಲ್ಲಾ ಉದ್ರೋಯ್ತದೆ. ಓದಿರೋರ ಗಂಟೇ ಇಷ್ಟು, ಬುಡು."

ಎಲ್ಲರೂ ನಕ್ಕರು, ಮೊಮ್ಮಗಳೂ ನಕ್ಕಳು. ಹೊಗೆಸೊಪ್ಪು ನಿಂತರೆ ನಿಮಗೇನು ಹೋಗುತ್ತದೆ ಎಂದು ಹಿಂದಿನ ವರ್ಷ ಕೇಳಿದಾಗ ಇವರೆಲ್ಲ ಯಜಮಾನರನ್ನು ಕೇಳು ಅಂದಿದ್ದರಂತೆ. ಈ ಸಲ ಮುಯ್ಯಾಳಿನ ಲೆಕ್ಕ ಬರೆದುಕೊಂಡ ಮೇಲೆ ಅದನ್ನೇ ಕೇಳಿದಳು. ಎದುರುಮನೆಯವಳ ಕೈ ನಿಲ್ಲಲಿಲ್ಲ, ಮಾತು ಬಂತು.

"ಕೋಟೆ ತಾಲ್ಲೂಕ್ ಕಡೆ ಶುಂಠಿ ಆಕವ್ರಲ್ಲ, ಅಲ್ಲಿ ನೋಡು. ಆಳು ಗಾಡೀಲಿ ಬತ್ತಾರೆ, ಸಂಜೆ ಗಾಡೀಲಿ ಓಯ್ತಾರೆ. ಅಲ್ಲಿ ನಾನು ಯಾರ ಮನೆಗೆ ಮುಯ್ಯಿಗೆ ಓಗ್ಲಿ? ಒಂದೊರ್ಷ ಮಗಳ ಬಾಣಂತನಕ್ಕೆ ಅಂತ ನಾನು ಊರಲ್ಲೇ ಇರ್ಲಿಲ್ಲ, ನನ್ ಎಲೆ ಎಲ್ಲಾ ಇವ್ರೇ ಕಟ್ಟಿದ್ರು. ಒಗೆಸೊಪ್ಪು ಓದ್ರೆ ಓಗ್ಲಿ, ಕೈ ಕಪ್ಪಾಗೋದು ತಪ್ತದೆ. ಇವ್ರು ಬರೋದು ನಿಂತ್ರೆ ನಾನೇನ್ ಮಾಡ್ಲಿ, ಅದ್ನ ಬರ್ಕೊ."

ಬರೆದುಕೊಂಡಳು. ತಿಂಗಳು ಮುಗಿಯುವುದರೊಳಗೆ ಮೂರು ಊರನ್ನೂ ಮತ್ತೆ ಸುತ್ತಿದಳು. ಹೋದಲ್ಲೆಲ್ಲ ತಾನೂ ಎಲೆ ಕಟ್ಟಿದಳು; ಉಂಡ ಅನ್ನವೆಲ್ಲ ಕಹಿ, ಕೈಯ ಅಂಟಿನಿಂದ.

ಥೀಸಿಸ್ ಕೊಡುವ ಮೊದಲು ಎಲ್ಲರೆದುರು ಓದಿ ಒಪ್ಪಿಸಬೇಕಂತೆ. ಹೊಸ ಲೆಕ್ಕ ನೋಡಿದ ಮೇಡಂ, ಹೆಂಗಸರ ಅಧ್ಯಾಯವನ್ನೂ ಓದು ಅಂದಿದ್ದರು. ಅವತ್ತು ನಾನೂ ಮೈಸೂರಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅರ್ಧ ಇಂಗ್ಲಿಷು, ನನಗೆ ತಿಳಿಯಲಿಲ್ಲ. ಎದುರುಮನೆಯವಳ ಮಾತನ್ನು ಮಾತ್ರ ನಮ್ಮ ಕನ್ನಡದಲ್ಲೇ ಓದಿದಳು. ಕನ್ನಡಕದ ಹಿರಿಯರೊಬ್ಬರು ಕೇಳಿದರು: ಹಾಗಾದರೆ ಸರ್ಕಾರ ಬದಲಿ ಬೆಳೆ ಕೊಟ್ಟರೆ ಸಾಲದೆ? ಅವಳು ತಡವರಿಸಲಿಲ್ಲ. "ಸಾಲದು ಸರ್. ಬೆಳೆಗೆ ಬದಲಿ ಯೋಚನೆ ಮಾಡಿದ್ದೀವಿ, ಈ ಹೆಂಗಸರು ಕೂಡಿ ಮಾಡೋ ಕೆಲಸಕ್ಕೆ ಮಾಡಿಲ್ಲ." ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಅವರು ಬರೆದುಕೊಂಡದ್ದು ನನಗೆ ಸಾಕಾಯಿತು.

ಮೇಡಂ ನನ್ನ ಹತ್ತಿರವೇ ಬಂದರು. "ಆ ಮೂರನೇ ಕಾಲಂ ನೀವು ಹೇಳಿದ್ದಂತೆ?"

"ಊಂ ಕಣವ್ವ, ನಾನೇ" ಅಂದೆ. ಅಲ್ಲ ಅನ್ನಲು ಕಾರಣ ಕಾಣಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ಪಕ್ಕ ಕೂತವಳು ಕೊಪ್ಪಕ್ಕೆ ಹೋಗುವವಳು. ಒಬ್ಬರೇ ಯಾಕೆ ನಗ್ತಿದ್ದೀರಿ ಅಂದಳು, ಅಷ್ಟು ಸಾಕಿತ್ತು. ಬಿಳಿಕೆರೆಯಲ್ಲಿ ಶುರು ಮಾಡಿದ ಮೊಮ್ಮಗಳ ಕಥೆ ಹುಣಸೂರು ದಾಟಿದರೂ ಮುಗಿಯಲಿಲ್ಲ. ನಾನು ಇಳಿಯುವ ಪಿರಿಯಾಪಟ್ಟಣ ಬಂತು, ಬಾಗಿಲಲ್ಲಿ ನಿಂತೂ ಅವಳಿಗೆ ಹೇಳುತ್ತಲೇ ಇದ್ದೆ.

"ಅಜ್ಜಿ, ಇಳೀರಿ" ಅಂದ ಕಂಡಕ್ಟರು.

"ಇಳೀತೀನಿ ತಡಿಯಪ್ಪ. ಅಧ್ಯಾಯ ಉಳೀತು ಅಂತ ಇವಳಿಗೆ ಏಳ್ಬುಡ್ತೀನಿ."