ಬಾವಿಯ ಮೇಲೆ ಹಾಡಿದ ಆಲ್ಬಂ

ದೆವ್ವ, ಗಾಳಿ, ದೃಷ್ಟಿ ಎಂಬ ಮಾತು ಬಂದಾಗಲೆಲ್ಲ ನಗುತ್ತಿದ್ದವನು ನಾನು. ನಮ್ಮಮ್ಮ ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಟ್ಟರೆ, ಅದರಲ್ಲಿ ಪಾನಕ ಮಾಡಬಹುದಿತ್ತು ಅನ್ನುತ್ತಿದ್ದೆ. ಈಗ ನಂಬುತ್ತೇನೆ ಎಂದೇನೂ ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ತೀರ್ಮಾನ ನಿಮಗೇ ಬಿಟ್ಟದ್ದು.

ಕೆಲವು ವರ್ಷಗಳ ಹಿಂದೆ ನಾವು ಮೂವರು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿದ್ದೆವು. ಹಾಡುವವನು, ಗಿಟಾರ್ ನುಡಿಸುವವನು ಹಲಸೂರಿನ ಸೆಲ್ವ. ಮನೆಯಲ್ಲಿ ತಮಿಳು, ಹಾಡುವುದು ಕನ್ನಡ, ಬೈಯುವುದು ಎರಡರಲ್ಲೂ. ಡ್ರಮ್ಸ್ ಶಿವಾಜಿನಗರದ ಇಮ್ರಾನನದು. ರೆಕಾರ್ಡಿಂಗ್ ಕೆಲಸವೂ ಅವನದೇ. ಬೇಸ್ ಗಿಟಾರ್ ನನ್ನದು. ಇಂದಿರಾನಗರದ ಪಬ್ಬುಗಳಲ್ಲಿ ಕಂಡವರ ಹಾಡು ನುಡಿಸಿ ಸಾಕಾಗಿ, ನಮ್ಮವೇ ಹಾಡುಗಳ ಮೊದಲ ಆಲ್ಬಂ ಮಾಡಲು ಹೊರಟೆವು. ಇದೊಂದು ಆಗದಿದ್ದರೆ ಹಾಡನ್ನೇ ಬಿಟ್ಟು ಮಾವನ ಟೈರ್ ಅಂಗಡಿಯಲ್ಲಿ ಕೂರುತ್ತೇನೆ ಎಂದು ಸೆಲ್ವ ಮನೆಯಲ್ಲಿ ಮಾತು ಕೊಟ್ಟು ಬಂದಿದ್ದ.

ದೊಡ್ಡ ಸ್ಟುಡಿಯೋ ನಮ್ಮ ಕೈಗೆ ಎಟುಕುವಂಥದ್ದಲ್ಲ. ಹೊರಮಾವಿನಲ್ಲಿ ಜಯಮ್ಮ ಎಂಬುವರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆವು. ಅವರದು ಊರಿನ ಹಳೇ ಕುಟುಂಬ. ಒಂದು ಕಾಲಕ್ಕೆ ಅಲ್ಲೆಲ್ಲ ಅವರ ದ್ರಾಕ್ಷಿ ತೋಟವಿತ್ತಂತೆ. ಗೋಡೆಗೆಲ್ಲ ಫೋಮ್ ಅಂಟಿಸಿ, ಕಿಟಕಿ ಮುಚ್ಚಿ, ಹೊರಗಿನ ಸದ್ದು ಬಾರದಂತೆ ಮಾಡಿದೆವು. ಉಳಿದದ್ದು ಮೂಲೆಯಲ್ಲಿ ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದು ನಿಂತಿದ್ದ ಒಂದು ಕಬ್ಬಿಣದ ಪೈಪು. ಡ್ರಮ್ಸ್ ಬಾರಿಸಿದಾಗಲೆಲ್ಲ ಅದು ಗುಂಯ್ ಎನ್ನುತ್ತಿತ್ತು. ಯಾವುದೋ ಹಳೇ ಡ್ರೈನೇಜಿನದಿರಬೇಕು ಅಂದುಕೊಂಡು, ಮಿಕ್ಕ ಫೋಮನ್ನೆಲ್ಲ ಅದರ ಬಾಯಿಗೆ ತುರುಕಿ, ಮೇಲೆ ಬಿಗಿಯಾಗಿ ಟೇಪು ಸುತ್ತಿದೆವು. ಸದ್ದು ನಿಂತಿತು. ಇಮ್ರಾನ್ ಖುಷಿಯಾಗಿ ಪೈಪಿಗೊಂದು ಸಲಾಂ ಹೊಡೆದ.

ಡ್ರಮ್ಸ್, ಬೇಸ್, ಗಿಟಾರ್ ಸಲೀಸಾಗಿ ಮುಗಿದವು. ಸೆಲ್ವ ಹಾಡಲು ನಿಂತ ಮೇಲೆ ತೊಂದರೆ ಶುರುವಾಯಿತು. ಪಬ್ಬಿನ ಗದ್ದಲದಲ್ಲಿ ಗಂಟೆಗಟ್ಟಲೆ ಕಿರುಚುವ ಆಸಾಮಿಗೆ ಒಂದು ಸಾಲು ಮುಗಿಸಲು ಉಸಿರು ಸಾಲುತ್ತಿರಲಿಲ್ಲ. ಸಾಲಿನ ನಡುವೆ ಗಕ್ಕನೆ ನಿಂತುಬಿಡುತ್ತಿದ್ದ. ಬಿಸಿನೀರು, ಶುಂಠಿ, ಜ್ಯೇಷ್ಠಮಧು ಎಲ್ಲ ಆಯಿತು. ಡಾಕ್ಟರು ಎದೆ, ಗಂಟಲು ನೋಡಿ ಏನೂ ಇಲ್ಲ ಅಂದರು. ರಾಮಮೂರ್ತಿ ನಗರದ ಟೀ ಅಂಗಡಿ ಮುಂದೆ ಲಾರಿ ಹಾರ್ನುಗಳನ್ನೂ ಮೀರಿಸಿ ಹಾಡಿ ತೋರಿಸುತ್ತಿದ್ದ. ಕೋಣೆಗೆ ಬಂದರೆ ಮುಗಿಯಿತು. ಬರಬರುತ್ತಾ ಅವನು ಕೂತಲ್ಲಿ ಕೂರದಾದ, ನಿಂತಲ್ಲಿ ನಿಲ್ಲದಾದ. ಅವನನ್ನು ನೋಡಿ ನೋಡಿ ನನಗೂ ಒಂಥರಾ ಚಡಪಡಿಕೆ ಅಂಟಿಕೊಂಡಿತು.

ಒಂದು ಭಾನುವಾರ ಮಧ್ಯಾಹ್ನ ಸೆಲ್ವ ಬಂದಿರಲಿಲ್ಲ. ಇಮ್ರಾನ್ ನನ್ನನ್ನು ಕರೆದು ಕಿವಿಗೆ ಹೆಡ್‌ಫೋನ್ ಹಾಕಿದ.

"ನಾನೇನೂ ಹೇಳಲ್ಲ ಮಗಾ. ಸುಮ್ನೆ ಕೇಳು."

ಉಳಿದದ್ದನ್ನೆಲ್ಲ ಬಂದ್ ಮಾಡಿ ನನ್ನ ಬೇಸ್ ಒಂದನ್ನೇ ಹಾಕಿದ್ದ. ನಾನು ಕೈ ನಿಲ್ಲಿಸಿದ ಕಡೆಯಲ್ಲೆಲ್ಲ ಯಾರೋ ಉಸಿರು ಎಳೆದುಕೊಳ್ಳುತ್ತಿದ್ದರು. ಉದ್ದಕ್ಕೆ, ಕಷ್ಟಪಟ್ಟು. ಎಳೆದುಕೊಳ್ಳುವುದು ಮಾತ್ರ, ಬಿಡುವುದು ಎಲ್ಲೂ ಇಲ್ಲ. ಬೇಸ್ ಗಿಟಾರಿಗೆ ನಾವು ಮೈಕ್ ಇಟ್ಟಿರಲಿಲ್ಲ. ವಯರಿನಲ್ಲಿ ನೇರವಾಗಿ ಕಂಪ್ಯೂಟರಿಗೆ ಹೋದದ್ದು ಅದು. ಪಕ್ಕದಲ್ಲಿ ಪಟಾಕಿ ಹೊಡೆದರೂ ಅದರಲ್ಲಿ ಕೇಳಿಸಬಾರದು. ಎಲ್ಲ ಹಾಡುಗಳನ್ನೂ ಹಾಕಿ ನೋಡಿದೆವು. ಎಲ್ಲದರಲ್ಲೂ ಇತ್ತು.

ಇಮ್ರಾನನಿಗೆ ಪೈಪಿನ ಮೇಲೇ ಗುಮಾನಿ. ಅಂಗಳದಲ್ಲಿ ಜಯಮ್ಮ ಅವರೆಕಾಳು ಹಿತುಕುತ್ತಾ ಕೂತಿದ್ದರು. ಆ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆವು.

"ಅದು ಬಾವಿದು ಕಣಪ್ಪ. ನಮ್ ಮಾವ ಬಾವಿ ಮುಚ್ಸಿ ಅದ್ರ ಮೇಲೇ ಈ ರೂಮು ಕಟ್ಸಿದ್ರು. ಮುಚ್ಚಿದ್ರೂ ಅದಕ್ಕೆ ಉಸ್ರಾಡೋಕೆ ದಾರಿ ಬಿಡ್ಬೇಕು, ಅದಕ್ಕೆ ಪೈಪು. ಯಾಕೆ?"

ಹೇಳಿದೆವು. ಅವರ ಕೈ ನಿಂತಿತು.

"ಅಯ್ಯೋ ನಿಮ್ಮ! ಹಾಡ್ಕೊಳ್ಳಿ ಅಂತ ರೂಮ್ ಕೊಟ್ರೆ ಬಾವಿ ಬಾಯಿಗೇ ತುರುಕ್ಬಿಟ್ರಾ? ಮೊದ್ಲು ತೆಗೀರಪ್ಪಾ!"

ಟೇಪು ಹರಿದು ಫೋಮನ್ನೆಲ್ಲ ಕಿತ್ತೆವು. ಕೊನೆಯ ತುಂಡು ಬಂದಾಗ ಕೈಗೆ ತಣ್ಣನೆಯ ಗಾಳಿ ತಾಗಿತು, ಹಸಿ ಮಣ್ಣಿನ ವಾಸನೆ ಬಂತು. ಆ ಬಾವಿ ತಾನು ಮದುವೆಯಾಗಿ ಬರುವ ಮೊದಲೇ ಬತ್ತಿತ್ತು ಎಂದು ಆಮೇಲೆ ಜಯಮ್ಮನೇ ಹೇಳಿದರು.

ಸಂಜೆ ಸೆಲ್ವ ಬಂದ. ಅವನಿಗೆ ಏನೂ ಹೇಳಲಿಲ್ಲ, ಮೊದಲೇ ಹೆದರಿದ್ದವನನ್ನು ಇನ್ನಷ್ಟು ಹೆದರಿಸುವುದು ಬೇಡವೆಂದು. ಮೈಕ್ ಮುಂದೆ ನಿಂತವನು ಇಡೀ ಹಾಡನ್ನು ಒಂದೇ ಸಲಕ್ಕೆ ಹಾಡಿ ಮುಗಿಸಿದ. ಪೈಪು ಗುಂಯ್ ಎಂದಿತು. ಅದನ್ನು ಹಾಗೇ ಬಿಟ್ಟೆವು. ನಾನು ಬೇಸ್ ಎಲ್ಲ ಮತ್ತೆ ನುಡಿಸಿದೆ, ಆ ಉಸಿರು ಮತ್ತೆ ಕೇಳಿಸಲಿಲ್ಲ. ಆಲ್ಬಂ ಬಂತು, ಜನ ಕೇಳಿದರು, ಸೆಲ್ವ ಟೈರ್ ಅಂಗಡಿಯಲ್ಲಿ ಕೂರುವುದು ತಪ್ಪಿತು. ಫೋಮಿನ ಗೋಂದಿನ ಘಾಟಿಗೆ ಸೆಲ್ವನ ಉಸಿರು ಕಟ್ಟಿರಬಹುದು, ನನ್ನ ವಯರು ಸಡಿಲವಿದ್ದಿರಬಹುದು. ಹೀಗೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡು ಇದ್ದೆ.

ಹೋದ ತಿಂಗಳು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಸೆಲ್ವನ ಫೋನ್ ಬಂತು.

"ಮಗಾ, ಮತ್ತೆ ಅದೇ ಕಣೋ. ಅರ್ಧ ಸಾಲಿಗೇ ನಿಂತೋಗುತ್ತೆ. ಈಗ ಮೆಟ್ಲು ಹತ್ತೋವಾಗ್ಲೂ..."

ಮಾತಿನ ನಡುವೆ ಅವನು ಉಸಿರು ಎಳೆದುಕೊಂಡ. ಆ ಸದ್ದು ನನಗೆ ಗೊತ್ತಿತ್ತು.

ಮನೆಗೆ ಹೋಗಬೇಕಾದವನು ಹೊರಮಾವಿನ ಬಸ್ ಹತ್ತಿದೆ. ಜಯಮ್ಮನ ಮನೆ ಇರಲಿಲ್ಲ. ಬಿಲ್ಡರಿಗೆ ಕೊಟ್ಟು ಮಗಳ ಮನೆಗೆ ಹೋದರು ಎಂದು ಎದುರಿನ ಅಂಗಡಿಯವರು ಹೇಳಿದರು. ಕೋಣೆ ಇದ್ದ ಜಾಗದಲ್ಲಿ ಅದೇ ವಾರ ಹಾಕಿದ ಕಾಂಕ್ರೀಟು, ಅದರ ಮೇಲೆ ನೆನೆಸಿದ ಗೋಣಿತಾಟು. ಈ ತುದಿಯಿಂದ ಆ ತುದಿಗೆ ಹುಡುಕಿದೆ. ಪೈಪು ಎಲ್ಲೂ ಇರಲಿಲ್ಲ.

ಡಾಕ್ಟರು ಈ ಸಲವೂ ಏನೂ ಇಲ್ಲ ಅಂದಿದ್ದಾರೆ. ಬಾವಿಯ ವಿಷಯ ಸೆಲ್ವನಿಗೆ ಇಂದಿಗೂ ಗೊತ್ತಿಲ್ಲ. ಹೇಳೋಣವೆಂದು ದಿನಾ ಫೋನ್ ಎತ್ತಿಕೊಳ್ಳುತ್ತೇನೆ. ಹೇಳಿದ ಮೇಲೆ, ಆ ಕಾಂಕ್ರೀಟನ್ನು ಒಡೆಸುವುದು ಹೇಗೆ ಎಂದು ಅವನು ಕೇಳಿದರೆ?