ಮುನಿಯಮ್ಮನ ಎಡಗೈ

ಟಿವಿ ಪರದೆಯ ಮೇಲೆ ಮಗುವೊಂದು ತಟ್ಟೆ ಹಿಡಿದು ಕಾಯುತ್ತಿತ್ತು. ಕ್ಯಾಮೆರಾದ ಮುಂದೆ ಎಡಗೈ ಎತ್ತಿದರೆ ಸಾಕು, ತಟ್ಟೆಗೆ ಮುದ್ದೆ ಬೀಳುತ್ತದೆ. ಲಕ್ವ ಹೊಡೆದ ಕೈಗೆ ವ್ಯಾಯಾಮವಾಗಲೆಂದು ನಾನೇ ಮಾಡಿದ್ದ ಆಟ. ಹೊಸೂರಿನ ಆಸ್ಪತ್ರೆಗೆ ತಳಿ ಎಂಬ ಊರಿನಿಂದ ಬಂದಿದ್ದ ಮುನಿಯಮ್ಮ ಮಾತ್ರ ಕೈ ಅಲುಗಿಸಲೇ ಇಲ್ಲ. ಶಕ್ತಿಯಿಲ್ಲವೇನೋ ಎಂದುಕೊಂಡೆ.

"ಎಡಗೈಲಿ ಮಗೀಗೆ ಮುದ್ದೆ ಇಕ್ತಾರೇನಪ್ಪಾ? ನಾನಂತೂ ಇಕ್ಕಲ್ಲ" ಎಂದರು.

ಮುಂದಿನ ವಾರ ಆಟದಿಂದ ಮಗುವನ್ನು ತೆಗೆದು, ಪರದೆಯ ಮೇಲೆ ಅಂಗಳದಲ್ಲಿ ಒಣಹಾಕಿದ ರಾಗಿಗೆ ಕಾಗೆಗಳನ್ನು ಬಿಟ್ಟೆ. ಬಲಗೈಯಲ್ಲಿ ಟೀ ಲೋಟ ಹಿಡಿದಿದ್ದ ಮುನಿಯಮ್ಮ, ಕಾಗೆ ಇಳಿದದ್ದೇ ತಡ, "ಹುಶ್, ಹೋಗ್ಲಾ!" ಎಂದು ಗದರಿದರು. ಎಡಗೈ ಮಡಿಲಿನಿಂದ ಎದೆಯವರೆಗೆ ಎದ್ದಿತ್ತು. ಕಾಗೆ ಹಾರಿದ ಮೇಲೂ ಅವರು ಆ ಕೈಯನ್ನೇ ನೋಡುತ್ತಿದ್ದರು.

ಈಗ ಹೊಸ ಆಟ ಹೊಳೆದಾಗಲೆಲ್ಲ, ಈ ಕೆಲಸ ಮನೆಯಲ್ಲಿ ಯಾವ ಕೈಯದು ಎಂದು ಮೊದಲು ನಮ್ಮಮ್ಮನನ್ನು ಕೇಳುತ್ತೇನೆ.