ಅಂಜನಮೂರ್ತಿಯ ವಾಲ್ಯೂಮ್ ಗುಂಡಿ

ಅಂಜನಮೂರ್ತಿ ಒಳ್ಳೆಯ ಮನುಷ್ಯ. ಕುಡಿಯುವುದಿಲ್ಲ, ಸೇದುವುದಿಲ್ಲ, ರಿಪೇರಿಗೆ ಬಂದ ಮಿಕ್ಸಿಯ ಒಳ್ಳೆ ಮೋಟಾರು ಕದ್ದು ಹಳೆಯದನ್ನು ತುರುಕುವ ಚಾಳಿಯೂ ಇಲ್ಲ. ಅವನಿಗಿದ್ದದ್ದು ಒಂದೇ ಕಾಯಿಲೆ, ಹೊಟ್ಟೆಕಿಚ್ಚು. ಅದೂ ಕಂಡಕಂಡವರ ಮೇಲಲ್ಲ, ಒಬ್ಬನೇ ಒಬ್ಬನ ಮೇಲೆ. ಆ ಒಬ್ಬ ಅವನ ಹೆಂಡತಿ ಯಮುನಾಳ ತಮ್ಮ ನರೇಶ.

ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಒಂದು ಶಟರಿನ ಅಂಗಡಿ ಅಂಜನಮೂರ್ತಿಯದು. ಹುಡುಗನಾಗಿದ್ದಾಗ ಶಿವಾಜಿನಗರದಲ್ಲಿ ರೇಡಿಯೋ ಕೆಲಸ ಕಲಿತ. ಆಮೇಲೆ ಟೀವಿ. ಜೀವನ್ ಬಿಮಾ ನಗರದ ಕ್ವಾರ್ಟರ್ಸಿನಲ್ಲಿ ಭಾನುವಾರ ಬೆಳಿಗ್ಗೆ ಟೀವಿಯ ಚಿತ್ರ ಮೇಲಕ್ಕೆ ಕೆಳಕ್ಕೆ ಓಡಲು ಶುರುವಾದರೆ ಮನೆಯ ಯಜಮಾನರೇ ಸ್ಕೂಟರ್ ತಂದು ಇವನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಇವನು ಹಿಂದಿನ ಮುಚ್ಚಳ ಬಿಚ್ಚುವಾಗ ಮನೆ ಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಚಿತ್ರ ಸರಿಯಾಯಿತೋ, ಸ್ಟೀಲ್ ಲೋಟದಲ್ಲಿ ಕಾಫಿ ಬರುತ್ತಿತ್ತು. ಕಂಪ್ಯೂಟರ್ ಕಾಲ ಬಂದಾಗಲೂ ಅವನು ಹಿಂದೆ ಬೀಳಲಿಲ್ಲ. ಬಿಡಿಭಾಗ ತಂದು ತಾನೇ ಜೋಡಿಸಿ ಕೊಟ್ಟ. ‘ಕಂಪ್ಯೂಟರ್ ಮೂರ್ತಿ’ ಎಂಬ ಹೆಸರೇ ಬಿತ್ತು. ರಾಮಮೂರ್ತಿ ನಗರದ ಅತ್ತೆ ಮನೆಗೆ ಮೊದಲ ಕಂಪ್ಯೂಟರ್ ತಂದಿಟ್ಟವನೂ ಅವನೇ. ಶಾಲೆಗೆ ಹೋಗುತ್ತಿದ್ದ ನರೇಶ ಮೊದಲು ಮೌಸ್ ಹಿಡಿದದ್ದು ಅದರಲ್ಲೇ. ಈ ಮಾತನ್ನು ಅಂಜನಮೂರ್ತಿ ಇಪ್ಪತ್ತು ವರ್ಷದಿಂದ ಹೇಳುತ್ತಲೇ ಬಂದಿದ್ದಾನೆ, ಕೇಳುವವರು ಮಾತ್ರ ಕಡಿಮೆಯಾಗಿದ್ದಾರೆ.

ಆಗ ನೆಂಟರ ಮನೆಯಲ್ಲಿ ಏನೇ ಕಾರ್ಯವಾದರೂ ಅವನನ್ನು ಕೂರಲು ಬಿಡುತ್ತಿರಲಿಲ್ಲ. ಒಬ್ಬರು ಟೇಪ್‌ರೆಕಾರ್ಡರ್ ತರುತ್ತಿದ್ದರು, ಇನ್ನೊಬ್ಬರು ಇಸ್ತ್ರಿಪೆಟ್ಟಿಗೆ. "ಊಟ ಮಾಡೋಕೂ ಬಿಡಲ್ಲ ಕಣ್ರೀ ಇವ್ರು" ಎಂದು ಅವನು ಗೊಣಗುತ್ತಿದ್ದ. ಆ ಗೊಣಗಾಟ ಅವನಿಗೆ ಪಾಯಸಕ್ಕಿಂತ ರುಚಿಯಾಗಿತ್ತು.

ಈಗ ಆ ಮರ್ಯಾದೆಯೆಲ್ಲ ನರೇಶನ ಪಾಲಾಗಿತ್ತು. ನರೇಶ ಕೆ.ಆರ್. ಪುರದ ಆಚೆಯ ಒಂದು ಕಂಪನಿಯಲ್ಲಿ ‘ಸಿಸ್ಟಮ್ಸ್’ನಲ್ಲಿದ್ದ. ಅದೇನು ಕೆಲಸವೆಂದು ನೆಂಟರಿಷ್ಟರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಗೊತ್ತಿಲ್ಲದ್ದರಿಂದಲೇ ಅದು ದೊಡ್ಡದಾಗಿತ್ತು. ಅವನು ನಾಮಕರಣಕ್ಕೆ ಬಂದು ಕುರ್ಚಿಯಲ್ಲಿ ಕೂತರೆ ಸಾಕು, ಸುತ್ತ ಫೋನುಗಳು. ಒಬ್ಬರಿಗೆ ಫೋಟೋ ಹೋಗುತ್ತಿಲ್ಲ, ಒಬ್ಬರ ಪಾಸ್‌ವರ್ಡ್ ಮರೆತುಹೋಗಿದೆ, ಇನ್ನೊಬ್ಬರಿಗೆ ಯಾರೋ ಲಾಟರಿ ಮೆಸೇಜು ಕಳಿಸಿದ್ದಾರೆ. ನರೇಶ ಒಂದೊಂದಾಗಿ ನೋಡುತ್ತಿದ್ದ. ಅವನ ಎಲೆಯ ಮೇಲಿನ ಅನ್ನ ತಣ್ಣಗಾಗುತ್ತಿತ್ತು. ಪಕ್ಕದಲ್ಲಿ ಕೂತ ಅಂಜನಮೂರ್ತಿ ಬಿಸಿಬಿಸಿ ಅನ್ನ ಉಣ್ಣುತ್ತಿದ್ದ, ಕಣ್ಣು ಮಾತ್ರ ನರೇಶನ ಎಲೆಯ ಮೇಲಿತ್ತು.

ಅಂಗಡಿಯಲ್ಲಿ ಕೂತಾಗ ಈ ಉರಿಯೆಲ್ಲ ಇಡೀ ಐಟಿ ಜಾತಿಯ ಮೇಲೆ ತಿರುಗುತ್ತಿತ್ತು. ಎದುರು ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಫಾಯಿಜಾಳಿಗೆ ಇದನ್ನೆಲ್ಲ ಕೇಳಬೇಕಾದ ಕರ್ಮ.

"ಏಸೀಲಿ ಕೂತು ಬೆನ್ನು ನೋವಂತೆ ಇವರಿಗೆ! ಏನಾದ್ರೂ ಕೆಟ್ಟೋಯ್ತು ಅನ್ನಿ, ಆಫ್ ಮಾಡಿ ಆನ್ ಮಾಡಿ ಅಂತಾರೆ. ಅಷ್ಟು ನಮ್ಮ ಅಜ್ಜೀಗೂ ಗೊತ್ತಿತ್ತು. ಮೊನ್ನೆ ಇಂದಿರಾನಗರದಿಂದ ಒಬ್ಬ ಕೀಬೋರ್ಡ್ ತಂದಿದ್ದ. ಒತ್ತಿದ್ರೆ ಟಕ್ ಟಕ್ ಅನ್ನುತ್ತೆ, ಒಳಗೆ ಬಣ್ಣಬಣ್ಣದ ಲೈಟು. ಅದರ ಸದ್ದು ಬದಲಾಗಿದೆ, ಸರಿ ಮಾಡಿ ಅಂತಾನೆ. ಗಡ್ಡ ಬಂದಿರೋ ಗಂಡಸು! ಅಂಗಿ ಮೇಲೆ ಗೊಂಬೆ ಚಿತ್ರ!"

"ಸರಿ ಮಾಡಿದ್ರಾ?" ಎಂದು ಫಾಯಿಜಾ ಹೊಲಿಗೆ ನಿಲ್ಲಿಸದೆ ಕೇಳಿದಳು.

"ಮಾಡ್ದೆ. ಒಳ್ಳೆ ಮಾಲು ಅದು" ಎಂದ ಅಂಜನಮೂರ್ತಿ. ಆ ಕೀಬೋರ್ಡನ್ನು ಅವನು ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು ತಾನೇ ಒತ್ತಿ ಒತ್ತಿ ಕೇಳಿದ್ದನ್ನು ಹೇಳಲಿಲ್ಲ.

"ಮೂರ್ತಿ ಭಾಯ್, ನಿಮ್ಗೆ ಜಲನ್ ಜಾಸ್ತಿ ಆಗೋಯ್ತು" ಎಂದು ಫಾಯಿಜಾ ನಕ್ಕಳು.

"ನಂಗ್ಯಾಕೆ ಹೊಟ್ಟೆ ಉರಿ?" ಎಂದು ಅವನು ಸ್ಕ್ರೂಡ್ರೈವರ್ ಹುಡುಕತೊಡಗಿದ. ಅದು ಅವನ ಕಿವಿಯ ಮೇಲೇ ಇತ್ತು.

ಯುಗಾದಿಯ ದಿನ ನಡೆದದ್ದನ್ನಂತೂ ಅವನು ಮರೆಯಲಾರ. ಅತ್ತೆ ಮುನಿವೆಂಕಟಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಟೀವಿ ರಿಮೋಟನ್ನು ಸೊಂಟದಿಂದ ತೆಗೆದು, ಇವನ ಮುಂದೆಯೇ ಹಾದುಹೋಗಿ, ನರೇಶನ ಕೈಗೆ ಕೊಟ್ಟಳು. "ಯಾಕೋ ಚಾನೆಲ್ ಬದಲಾಗ್ತಿಲ್ಲ ನೋಡು ಮಗಾ." ಫೋನು ಕೊಡಲಿ, ಲ್ಯಾಪ್‌ಟಾಪ್ ಕೊಡಲಿ. ಇದು ಟೀವಿ! ಆ ಟೀವಿಯನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದವನು ಅಂಜನಮೂರ್ತಿ. ನರೇಶ ರಿಮೋಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಂಗೆ ಗೊತ್ತಾಗಲ್ಲಮ್ಮ, ಭಾವನ್ನ ಕೇಳು" ಎಂದ. ಮುದುಕಿ ನಂಬಲಿಲ್ಲ. "ನಿಂಗೇ ಗೊತ್ತಾಗದ್ದು ಅವನಿಗೇನು ಗೊತ್ತು" ಎಂದು ರಿಮೋಟನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೋಳಿಗೆ ಅಂಜನಮೂರ್ತಿಯ ಬಾಯಲ್ಲೇ ಉಳಿಯಿತು.

ಇಷ್ಟಾದರೂ ಅವನಿಗೆ ಒಂದು ಜಾಗ ಉಳಿದಿತ್ತು. ರಾಮಮೂರ್ತಿ ನಗರದಲ್ಲಿ ಎರಡು ಮೂರಂತಸ್ತಿನ ಮನೆಗಳ ಮಧ್ಯೆ ಒಂದು ಬೇವಿನ ಮರ, ಅದರ ಬುಡದಲ್ಲಿ ಅತ್ತೆ ಮನೆಯವರ ಮುನೇಶ್ವರ. ವರ್ಷಕ್ಕೊಮ್ಮೆ ಒಂದು ಭಾನುವಾರ ಪೂಜೆ, ಬಾಡೂಟ. ಮದುವೆಯಾದ ವರ್ಷದಿಂದ, ಅಂದರೆ ಇಪ್ಪತ್ತೆರಡು ವರ್ಷದಿಂದ, ಅಲ್ಲಿಯ ಮೈಕ್‌ಸೆಟ್ಟು ಅಂಜನಮೂರ್ತಿಯದೇ. ಬೆಳಿಗ್ಗೆ ಮರಕ್ಕೆ ಎರಡು ಹಾರ್ನ್ ಕಟ್ಟಿ, ಆಂಪ್ಲಿಫೈಯರ್ ಮುಂದೆ ಕೂತು "ಹಲೋ, ಮೈಕ್ ಟೆಸ್ಟಿಂಗ್" ಎಂದರೆ ಇಡೀ ಬೀದಿಗೆ ಅವನ ಧ್ವನಿ. ಯಾವ ಹಾಡು ಮೊದಲು, ಯಾವುದು ಮಂಗಳಾರತಿಗೆ, ಎಲ್ಲ ಅವನ ತೀರ್ಮಾನ. ವರ್ಷವಿಡೀ ತಿಂದ ಅವಮಾನ ಆ ಒಂದು ದಿನದಲ್ಲಿ ಜೀರ್ಣವಾಗುತ್ತಿತ್ತು.

ಈ ವರ್ಷ ಪೂಜೆಗೆ ಹದಿನೈದು ದಿನ ಇರುವಾಗ ಮನೆಯ ಹಿರಿಯ, ಯಮುನಾಳ ದೊಡ್ಡಪ್ಪ ಮುನಿರಾಜಪ್ಪ ಹೇಳಿದ: "ಮೂರ್ತಿ, ಈ ಸಲ ಹಾಡು ಗೀಡೆಲ್ಲ ನರೇಶ ನೋಡ್ಕೊತಾನೆ. ಅವನ ಫೋನಲ್ಲೇ ಎಲ್ಲ ಇದೆ. ನೀನು ಸೆಟ್ ತಂದಿಟ್ಬಿಡು, ಸಾಕು."

"ಸರಿ ಬಿಡಿ" ಎಂದ ಅಂಜನಮೂರ್ತಿ. ಮನೆಗೆ ಬಂದು ಯಮುನಾಳ ಮೇಲೆ ಸಾರಿಗೆ ಉಪ್ಪಿಲ್ಲವೆಂದು ಕೂಗಾಡಿದ. ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು.

ಆ ಭಾನುವಾರ ನರೇಶ ಹೆಬ್ಬೆರಳಿನಷ್ಟು ದೊಡ್ಡ ಕರಿಯ ಡಬ್ಬಿಯೊಂದನ್ನು ತಂದು ಆಂಪ್ಲಿಫೈಯರಿಗೆ ಚುಚ್ಚಿದ. ಬ್ಲೂಟೂತ್. ಫೋನು ಅವನ ಜೇಬಿನಲ್ಲಿ, ಹಾಡು ಮರದ ಮೇಲೆ. ಜನ ಬಾಯಿ ಬಿಟ್ಟು ನೋಡಿದರು. "ಭಾವ, ನೀವು ವಾಲ್ಯೂಮ್ ಒಂದು ನೋಡ್ಕೊಳ್ಳಿ" ಎಂದ ನರೇಶ. ಅವನ ಕಣ್ಣು ಕೆಂಪಗಿತ್ತು, ಗಡ್ಡ ಬೋಳಿಸಿರಲಿಲ್ಲ. ಆ ಕಣ್ಣು ಯಾಕೆ ಕೆಂಪಗಿದೆ ಎಂದು ಅಂಜನಮೂರ್ತಿ ಕೇಳಲಿಲ್ಲ. ಇಪ್ಪತ್ತೆರಡು ವರ್ಷದ ಯಜಮಾನಿಕೆ ಒಂದು ಗುಂಡಿಗೆ ಇಳಿಯಿತಲ್ಲ ಎಂಬ ಲೆಕ್ಕದಲ್ಲೇ ಅವನಿದ್ದ. ಪಕ್ಕದ ಕುರ್ಚಿಯಲ್ಲಿ ಅತ್ತೆ ಮುನಿವೆಂಕಟಮ್ಮ ಬಂದು ಕೂತಳು. ಬಿಸಿಲಿಗೆ ಅಲ್ಲೊಂದೇ ನೆರಳು.

ಮಂಗಳಾರತಿ ಶುರುವಾಗುವ ಹೊತ್ತಿಗೆ ಹಾಡು ನಿಂತಿತು. ಮರದ ಮೇಲಿಂದ ರಿಂಗಾಯಿತು. ನರೇಶ ಆಗ ಅಡುಗೆ ಒಲೆಗಳ ಆಚೆ ನೀರಿನ ಕ್ಯಾನು ಇಳಿಸುತ್ತಿದ್ದ. ಆಫೀಸಿನ ನಂಬರು ನೋಡಿ, ಹಿಂದುಮುಂದು ಯೋಚಿಸದೆ ಫೋನನ್ನು ಕಿವಿಗೆ ಹಿಡಿದ. ಕಿವಿಯಲ್ಲಿ ಏನೂ ಕೇಳಿಸಲಿಲ್ಲ. ಕೇಳಿಸಿದ್ದು ಬೀದಿಗೆ.

"ನರೇಶ್, ಎಲ್ಲಿದ್ದೀಯಾ? ಅರ್ಧ ಗಂಟೆಯಿಂದ ಫ್ಲೋರಲ್ಲಿ ನೆಟ್‌ವರ್ಕ್ ಇಲ್ಲ" ಎಂದಿತು ಹಾರ್ನು. ಮ್ಯಾನೇಜರನ ಧ್ವನಿ. "ಹಲೋ? ಏನ್ ಗಲಾಟೆ ಅದು? ತಮಟೆನಾ?"

ಪೂಜಾರಿಯ ಕೈಯಲ್ಲಿ ಆರತಿ ತಟ್ಟೆ ನಿಂತಿತು. ಎಲ್ಲರೂ ಮರದ ಕಡೆ ನೋಡಿದರು.

ಅಂಜನಮೂರ್ತಿಯ ಬಲಗೈ ಗುಂಡಿಯ ಮೇಲೇ ಇತ್ತು. ಎಡಕ್ಕೆ ಅರ್ಧ ಸುತ್ತು ತಿರುಗಿಸಿದರೆ ಮುಗಿಯಿತು. ಅದು ಅವನಿಗೆ ಗೊತ್ತಿತ್ತು, ಬೆರಳಿಗೂ ಗೊತ್ತಿತ್ತು. ಆದರೆ ಬೆರಳು ಅಲ್ಲಾಡಲಿಲ್ಲ. ಕೇಳಲಿ, ಎಂದುಕೊಂಡ ಅವನು. ಎಲ್ಲರೂ ಕೇಳಲಿ.

"ಮಾತಾಡಯ್ಯ! ಶುಕ್ರವಾರದಿಂದ ಇಲ್ಲೇ ಇದ್ದೆ, ಈಗ್ ತಾನೇ ಹೋದೆ ಅಂತ ಕಥೆ ಹೇಳ್ಬೇಡ. ಇಬ್ಬರು ಬಿಟ್ಟು ಹೋದ್ರೆ ಅವರ ಕೆಲಸ ಯಾರು ಮಾಡೋದು, ನಾನಾ? ನೀನೇನು ಇಂಜಿನಿಯರಾ? ಕೇಬಲ್ ಚುಚ್ಚೋನು ನೀನು. ನಿನ್ನಂಥವರು ನೂರು ಜನ ಸಿಗ್ತಾರೆ."

"ಕಮ್ಮಿ ಮಾಡಪ್ಪ" ಎಂದಳು ಮುನಿವೆಂಕಟಮ್ಮ, ಪಕ್ಕದಿಂದ.

ಅಂಜನಮೂರ್ತಿ ಕೇಳಿಸದವನಂತೆ ಮರ ನೋಡುತ್ತಿದ್ದ.

ನರೇಶನಿಗೆ ಅಷ್ಟರಲ್ಲಿ ಆದದ್ದೇನೆಂದು ತಿಳಿದಿತ್ತು. ಫೋನ್ ಕಟ್ ಮಾಡಿದ್ದರೂ ಸಾಕಾಗಿತ್ತು, ಆದರೆ ಮ್ಯಾನೇಜರನ ಕರೆಯನ್ನು ಕಟ್ ಮಾಡುವ ಧೈರ್ಯ ಅವನ ಬೆರಳಿಗಿರಲಿಲ್ಲ. ಪಾತ್ರೆ ದಾಟಿ, ಜನರನ್ನು ತಳ್ಳಿಕೊಂಡು ಮೇಜಿನ ಕಡೆ ಓಡಿ ಬರುತ್ತಿದ್ದ.

"ಮೂರು ತಿಂಗಳಿಗೊಂದ್ಸಲ ನಿನ್ನ ಕಾಂಟ್ರಾಕ್ಟಿಗೆ ಸೈನ್ ಹಾಕೋದು ಯಾರು ಅಂತ ನೆನಪಿದೆಯಾ? ಕಾಲು ಹಿಡ್ಕೊಂಡು ಅತ್ತಿದ್ದು ಮರ್ತೋಯ್ತಾ?"

"ಮೂರ್ತಿ, ಆರಿಸೋ ಅದನ್ನ!" ಎಂದಳು ಮುದುಕಿ. ಈ ಸಲ ಅವಳು ಹೇಳುವಾಗ ನೋಡುತ್ತಿದ್ದದ್ದು ಮರವನ್ನಲ್ಲ, ಅವನ ಕೈಯನ್ನು.

ನರೇಶ ಹತ್ತು ಹೆಜ್ಜೆ ದೂರವಿರುವಾಗ ಅಂಜನಮೂರ್ತಿ ಗುಂಡಿ ತಿರುಗಿಸಿದ. ಹಾರ್ನು ಸತ್ತಿತು. ಬೀದಿಗೆ ಕೇಳಿಸಿದ್ದು ಒಂದು ನಿಮಿಷವೂ ಇದ್ದಿರಲಾರದು.

ಆಮೇಲೆ ಗಂಟೆ ಬಡಿಯಿತು, ಮಂಗಳಾರತಿಯಾಯಿತು, ಎಲೆ ಹಾಕಿದರು. ನರೇಶ ಮರದ ಹಿಂದೆ ನಿಂತು ಫೋನಿನಲ್ಲಿ "ಸಾರಿ ಸರ್, ಹೊರಟೆ ಸರ್" ಎನ್ನುತ್ತಿದ್ದ. ಜನ ಅವನಿಗೆ ದಾರಿ ಬಿಟ್ಟು, ಮುಖ ನೋಡದೆ ಓಡಾಡಿದರು. ಯಾರೂ ಅವನ ಕೈಗೆ ಫೋನ್ ಕೊಡಲಿಲ್ಲ. ಬದಲಿಗೆ ಮುನಿರಾಜಪ್ಪ ತನ್ನ ಫೋನ್ ಹಿಡಿದು ಅಂಜನಮೂರ್ತಿಯ ಪಕ್ಕ ಬಂದು ಕೂತ. "ಇದ್ಯಾಕೋ ಚಾರ್ಜ್ ನಿಲ್ತಿಲ್ಲ, ನೋಡು ಮೂರ್ತಿ." ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಅಂಜನಮೂರ್ತಿಯ ಎಲೆಯ ಮೇಲಿನ ಮುದ್ದೆ ತಣ್ಣಗಾಯಿತು. ಇಷ್ಟು ವರ್ಷ ಕಾದಿದ್ದು ಇದಕ್ಕೇ. ಅವನು ಗೊಣಗಲು ಬಾಯಿ ತೆರೆದ, ಗೊಣಗಾಟ ಬರಲಿಲ್ಲ.

ನರೇಶ ಬ್ಯಾಗು ಏರಿಸಿಕೊಂಡು ಬಂದು ಅವನ ಮುಂದೆ ನಿಂತ. "ಭಾವ, ಥ್ಯಾಂಕ್ಸ್. ನೀವು ಅಷ್ಟು ಬೇಗ ಆಫ್ ಮಾಡದಿದ್ರೆ ಇನ್ನೂ ಏನೇನ್ ಹೇಳ್ತಿದ್ನೋ. ಮಾನ ಉಳಿಸಿದ್ರಿ."

ಅಂಜನಮೂರ್ತಿ ಎಡಗೈಯಲ್ಲಿದ್ದ ಫೋನನ್ನೇ ನೋಡುತ್ತ "ಇರ್ಲಿ ಬಿಡು" ಎಂದ. ಅವನು ಜೀವನದಲ್ಲಿ ಹೇಳಿದ ಅತಿ ದೊಡ್ಡ ಸುಳ್ಳು ಅದೇ ಇರಬೇಕು. "ಊಟ ಮಾಡ್ಕೊಂಡು ಹೋಗು" ಎಂದೂ ಸೇರಿಸಿದ.

"ಟೈಮಿಲ್ಲ ಭಾವ."

ಮುನಿವೆಂಕಟಮ್ಮ ಅಷ್ಟರಲ್ಲಿ ಒಂದು ಡಬ್ಬಿಗೆ ಮುದ್ದೆ, ಸಾರು ತುಂಬಿ ತಂದಳು. ಮಗನ ಬ್ಯಾಗಿಗೆ ತುರುಕಿದಳು. ಸೆರಗಿನಿಂದ ಅವನ ಮುಖ ಒರೆಸಿ, ಕೆನ್ನೆ ಹಿಡಿದು ಏನೋ ಹೇಳಿದಳು. ಕಾಲು ಹಿಡಿದು ಅತ್ತವನೆಂದು ಊರಿಗೆಲ್ಲ ಗೊತ್ತಾದ ಮಗ, ಅವಳ ಕೈಗೆ ಇನ್ನೂ ಎಂಟು ವರ್ಷದ ಹುಡುಗನೇ. ಅದನ್ನು ನೋಡಿದ ಅಂಜನಮೂರ್ತಿಗೆ, ನಾಚಿಕೆಯಾಗಬೇಕಾದ ಹೊತ್ತಿನಲ್ಲಿ, ಮತ್ತೆ ಹೊಟ್ಟೆ ಉರಿಯಿತು. ಆಮೇಲೆ ನಾಚಿಕೆಯೂ ಆಯಿತು.

ಬೈಕು ಬೀದಿ ದಾಟಿ ಹೋದ ಮೇಲೆ ಅವನು ಕೈ ತೊಳೆದುಕೊಂಡು ಅತ್ತೆಯ ಹತ್ತಿರ ಹೋದ. ಅವಳ ಸೊಂಟದಲ್ಲಿ ರಿಮೋಟಿನ ಪ್ಲಾಸ್ಟಿಕ್ ಕವರು ಕಾಣುತ್ತಿತ್ತು. ಯುಗಾದಿಯಿಂದ ಅದು ಹಾಗೇ ಇತ್ತೇನೋ.

"ಕೊಡಿ ಅತ್ತೆ, ನೋಡ್ತೀನಿ. ಐದು ನಿಮಿಷದ ಕೆಲಸ" ಎಂದು ಕೈ ಚಾಚಿದ.

ಮುನಿವೆಂಕಟಮ್ಮ ಆ ಕೈಯನ್ನು ನೋಡಿದಳು. ಗುಂಡಿಯ ಮೇಲೆ ಅಲ್ಲಾಡದೆ ಕೂತಿದ್ದ ಅದೇ ಕೈ. ಆಮೇಲೆ ಸೆರಗನ್ನು ರಿಮೋಟಿನ ಮೇಲೆ ಎಳೆದುಕೊಂಡಳು.

"ಬೇಡಪ್ಪ" ಎಂದಳು. "ಟೀವಿ ನೋಡ್ದಿದ್ರೂ ನಡೆಯುತ್ತೆ ನಂಗೆ."